ಗುಂಪಿಗೆ ಸೇರದ ಗಂಟಿನ ನೀರು

ಸವಣೂರಿನ ಆಫ್ರಾಳಿಗೆ ತನ್ನ ಕೆಲಸ ಏನೆಂದು ನೆಂಟರಿಗೆ ಬಿಡಿಸಿ ಹೇಳುವುದೇ ಒಂದು ಕೆಲಸ. ಅವಳು ಮಂಗಳೂರಿನ ಕಡೆಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪುತ್ತೂರಿನ ಕ್ಲಿನಿಕ್ಕಿನಲ್ಲಿ ವೈದ್ಯರು ಊದಿದ ಮೊಣಕಾಲಿನಿಂದ ಸೂಜಿಯಲ್ಲಿ ಎಳೆದ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ತರುವುದು, ಆಮೇಲೆ ಅದರೊಳಗೆ ಯಾವ ಯಾವ ಪ್ರೋಟೀನುಗಳಿವೆ ಎಂದು ಯಂತ್ರದಿಂದ ತಿಳಿದುಕೊಳ್ಳುವುದು. ಇಷ್ಟು ಹೇಳುವಷ್ಟರಲ್ಲಿ ನೆಂಟರು ಅವಳನ್ನು ರಕ್ತ ಪರೀಕ್ಷೆಯ ಹುಡುಗಿ ಎಂದು ತೀರ್ಮಾನಿಸಿ ಚಹಾ ತರಲು ಹೇಳುತ್ತಿದ್ದರು.

ನೀರಿನಲ್ಲಿ ಎರಡು ಗುಂಪು. ಮೊದಲನೆಯದು ರುಮಟಾಯ್ಡ್ ಸಂಧಿವಾತದವರದ್ದು. ಮೈಯನ್ನು ಕಾಯಬೇಕಾದ ಪಡೆಯೇ ಕೀಲಿನ ಮೇಲೆ ತಿರುಗಿಬಿದ್ದು, ಎಲುಬನ್ನು ಒಳಗೊಳಗೇ ತಿನ್ನುವ ಕಾಯಿಲೆ ಅದು. ಬೇಗ ಗೊತ್ತಾದರೆ ಮದ್ದಿನಿಂದ ತಡೆಯಬಹುದು. ತಡವಾದರೆ ಬೆರಳುಗಳು ಬಾಗಿ ಹಾಗೆಯೇ ನಿಂತುಬಿಡುತ್ತವೆ. ಎರಡನೆಯ ಗುಂಪು ಕೀಲು ಸವೆದವರದ್ದು ಮತ್ತು ಹಳೆಯ ಚಿಕುನ್‌ಗುನ್ಯದ ನೋವು ಉಳಿದವರದ್ದು. ಕಣ್ಣಿಗೆ ಎರಡೂ ಹಳದಿ ನೀರೇ. ಒಳಗಿನ ಪ್ರೋಟೀನುಗಳು ಬೇರೆ ಬೇರೆಯೇ, ರಕ್ತ ಪರೀಕ್ಷೆಯಲ್ಲಿ ಸಿಕ್ಕದ ಕಾಯಿಲೆ ಅಲ್ಲಿ ಸಿಕ್ಕೀತೇ ಎಂಬುದೇ ಅವಳು ಹುಡುಕುತ್ತಿದ್ದ ವಿಷಯ.

ಆ ಜ್ವರದ ಕಥೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಫ್ರಾ ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ ಸುಳ್ಯ, ಪುತ್ತೂರು, ಕಡಬದಲ್ಲಿ ಸೊಂಟ ಬಗ್ಗಿಸದೆ ನಡೆದವರು ಕಡಿಮೆ. ಕೋಳಿಯಿಂದ ಬರುವ ಜ್ವರವೆಂದು ನಂಬಿ ಕೋಳಿ ತಿನ್ನುವುದನ್ನು ಬಿಟ್ಟ ಬುದ್ಧಿವಂತರೂ ಇದ್ದರು. ಜ್ವರ ಹೋಯಿತು, ಅದರ ಹೆಸರು ಹೋಗಲಿಲ್ಲ. ಮೆಟ್ಟಿಲು ಹತ್ತಲಾಗದಿದ್ದರೆ ಆ ಜ್ವರ, ಬೆರಳು ಮಡಚಲಾಗದಿದ್ದರೆ ಆ ಜ್ವರ. ಗಂಟುಗಳ ಪಾಪವನ್ನೆಲ್ಲ ಒಂದು ಸೊಳ್ಳೆಯ ತಲೆಗೆ ಕಟ್ಟಿ ಎಣ್ಣೆ ಹಚ್ಚಿ ಮಲಗುವುದು ನಮಗೆ ರೂಢಿಯಾಗಿಬಿಟ್ಟಿದೆ.

ಆಫ್ರಾಳ ಉಮ್ಮ ನುಸ್ರತ್ ಸಹ ಹಾಗೆಯೇ. ಅವರು ಸವಣೂರು ಪೇಟೆಯಲ್ಲಿ ಬಟ್ಟೆ ಹೊಲಿಯುವವರು. ಬೆಳಿಗ್ಗೆ ಬೆರಳು ಸೆಟೆದುಕೊಂಡು ನಳ್ಳಿಯನ್ನು ಅಂಗೈಯಿಂದ ತಿರುಗಿಸುತ್ತಿದ್ದರು. ಕೇಳಿದರೆ ಜ್ವರದ್ದು ಎನ್ನುತ್ತಿದ್ದರು. ಒಮ್ಮೆ ಮೊಣಕಾಲು ಊದಿ ಪುತ್ತೂರಿನಲ್ಲಿ ನೀರು ತೆಗೆಸಬೇಕಾಗಿ ಬಂದಾಗ, ಮಗಳ ಲೆಕ್ಕಕ್ಕೂ ಒಂದು ಆಗಲಿ ಎಂದು ತಾವೇ ಅದನ್ನು ಸಂಶೋಧನೆಗೆ ಕೊಟ್ಟಿದ್ದರು. ಆ ನೀರು ಎರಡನೆಯ ಗುಂಪಿಗೆ ಹೋಯಿತು. ಯಾರ ನೀರಿಗೆ ಯಾವ ಸಂಖ್ಯೆ ಎಂಬುದು ಆಫ್ರಾಳಿಗೆ ಗೊತ್ತಾಗದಂತೆ ಬೇರೆಯವರು ಚೀಟಿ ಹಚ್ಚಿದ್ದರು. ನೋಡುವವರ ಮನಸ್ಸು ಫಲಿತಾಂಶವನ್ನು ತನಗೆ ಬೇಕಾದ ಕಡೆಗೆ ವಾಲಿಸಬಾರದೆಂಬುದು ಅಲ್ಲಿನ ಕಟ್ಟುನಿಟ್ಟು.

ಯಂತ್ರದ ಫಲಿತಾಂಶ ಒಂದು ದಿನ ಪರದೆಯ ಮೇಲೆ ಬಂತು. ಎರಡನೆಯ ಗುಂಪಿನ ಒಂದು ನೀರು ತನ್ನವರನ್ನೆಲ್ಲ ಬಿಟ್ಟು ಮೊದಲನೆಯ ಗುಂಪಿನ ನಟ್ಟನಡುವೆ ಹೋಗಿ ಕೂತಿತ್ತು. ಬಿಳಿ ರಕ್ತಕಣಗಳು ಕೀಲಿಗೆ ನುಗ್ಗಿದಾಗ ಬಿಡುವ ಪ್ರೋಟೀನುಗಳು ಅದರಲ್ಲಿ ತುಂಬಿ ತುಳುಕುತ್ತಿದ್ದವು. ಕೈತಪ್ಪಿರಬೇಕೆಂದು ಅವಳು ಅದೇ ನೀರನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿದಳು. ಮತ್ತೆ ಅದೇ ಬಂತು. ಆಗ ಅವಳ ಕಣ್ಣ ಮುಂದೆ ಬಂದದ್ದು ನಳ್ಳಿಯ ಮೇಲಿನ ಅಂಗೈ. ಉಮ್ಮನ ರಕ್ತ ಪರೀಕ್ಷೆಯಲ್ಲೂ ಏನೂ ಕಂಡಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಎಣ್ಣೆ ಹಚ್ಚಿ ಹಚ್ಚಿ ಉಮ್ಮನ ಕೈಯನ್ನು ನಾವೇ ಕಳೆದೆವೇ?

ಅವಳು ಮಾರ್ಗದರ್ಶಕಿ ಡಾಕ್ಟರ್ ಪ್ರೀತಿಕಾರ ಕೋಣೆಗೆ ಹೋಗಿ ಆ ಸಂಖ್ಯೆ ಯಾರದ್ದೆಂದು ಈಗಲೇ ತೆರೆಯಬೇಕು ಎಂದಳು. ಪ್ರೀತಿಕಾ ಫಲಿತಾಂಶವನ್ನು ಸಮಾಧಾನದಿಂದ ನೋಡಿದರು. ಇದು ಸಂಶೋಧನೆ, ರೋಗ ಇದೆಯೆಂದು ಹೇಳಲು ವೈದ್ಯರೇ ಮತ್ತೆ ಪರೀಕ್ಷಿಸಬೇಕು, ಹೆಸರು ತೆರೆಯುವುದಕ್ಕೆ ಸಮಿತಿಯ ಒಪ್ಪಿಗೆ ಬೇಕು, ಇವತ್ತೇ ಬರೆಯುತ್ತೇನೆ ಎಂದರು. ಸಮಿತಿ ಎಂದರೆ ವಾರವಾದರೂ ಬೇಕು. ಆಫ್ರಾಳ ತಾಳ್ಮೆಯ ಕಟ್ಟೆಯೊಡೆಯಿತು.

"ನಿಮ್ಮ ಅಮ್ಮ ಆಗಿದ್ದರೆ ಕಾಯ್ತಿದ್ರಾ ಮೇಡಂ?"

"ಕಾಯ್ತಿರ್ಲಿಲ್ಲ," ಎಂದರು ಪ್ರೀತಿಕಾ. "ಅದಕ್ಕೇ ಅದು ನನ್ನ ಕೈಯಲ್ಲೂ ಇಲ್ಲ, ನಿನ್ನ ಕೈಯಲ್ಲೂ ಇಲ್ಲ."

ಆ ವಾರ ಆಫ್ರಾ ಕೆಂಡದ ಮೇಲೆ ಕಳೆದಳು. ಮನೆಯಲ್ಲಿ ಉಮ್ಮ ಸೂಜಿಗೆ ದಾರ ಪೋಣಿಸುವಾಗ ಬೆರಳನ್ನೇ ನೋಡುತ್ತಿದ್ದಳು. ಟಿ.ವಿ. ನೋಡುವ ನೆಪದಲ್ಲಿ ಪಕ್ಕದಲ್ಲಿ ಕೂತು ಉಮ್ಮನ ಕೈ ಹಿಡಿದು, ಒಂದೊಂದು ಗೆಣ್ಣನ್ನೂ ಮೆಲ್ಲ ಒತ್ತಿ ನೋಡಿದಳು. ಹೀಗೆ ಕೈ ಹಿಡಿದು ಪುಸಲಾಯಿಸಬೇಕಾದರೆ ಯಾವ ಹುಡುಗನನ್ನು ನೋಡಿಟ್ಟಿದ್ದೀ ಎಂದು ಉಮ್ಮ ಛೇಡಿಸಿದರು. ಮತ್ತೊಮ್ಮೆ ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾತ್ರ ಅವರ ಮುಖ ಗಂಟಿಕ್ಕಿತು. ನೀರು ತೆಗೆದು ತೆಗೆದು ಕಾಲು ಒಣಗಿಹೋಗುತ್ತದೆ ಎಂದು ಯಾರೋ ಹೇಳಿದ್ದರು. ಮೇಲಾಗಿ ಮದುವೆಯ ಹೊಲಿಗೆ ರಾಶಿ ಬಿದ್ದಿತ್ತು. ಏನೂ ಖಚಿತವಾಗದೆ ಹೆದರಿಸುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ.

ಕೊನೆಗೆ ಒಪ್ಪಿಗೆ ಬಂತು. ಪ್ರೀತಿಕಾ ಅವಳನ್ನು ಕರೆದು, ಬಾಗಿಲು ಹಾಕಿ, ಹೆಸರು ಹೇಳಿದರು. ಅದು ನುಸ್ರತ್ ಅಲ್ಲ. ಆಲಂಕಾರಿನ ಸೀತು ಎಂಬ ಹೆಂಗಸು.

ಅಲ್‌ಹಮ್ದುಲಿಲ್ಲಾಹ್ ಎಂದು ಆಫ್ರಾ ಜೋರಾಗಿಯೇ ಹೇಳಿಬಿಟ್ಟಳು. ವಾರದಿಂದ ಬಿಗಿದಿದ್ದ ಉಸಿರು ಒಮ್ಮೆಲೇ ಹೊರಬಂದು ನಗು ಬಂತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಆ ಆಯುಸ್ಸಿನ ಸುಖ. ಆದರೆ ತಪ್ಪಿದ ದೊಣ್ಣೆ ಎಲ್ಲಿಗಾದರೂ ಬೀಳಲೇಬೇಕಷ್ಟೆ. ಪ್ರೀತಿಕಾ ನಗಲಿಲ್ಲ. ಸೀತು ಯಾರೆಂದು ನೆನಪಿದೆಯೇ ಎಂದು ಕೇಳಿದರು. ನೆನಪಾಯಿತು. ಹಸಿರು ಸೀರೆ, ಮಡಿಲಲ್ಲಿ ಮುಚ್ಚಿಟ್ಟುಕೊಂಡ ಬಲಗೈ. ರಬ್ಬರ್ ಮರ ಗೀರುವ ಕೆಲಸದವಳು. ನೀರು ತೆಗೆದ ದಿನ ಕ್ಲಿನಿಕ್ಕಿನಲ್ಲಿ ಅವಳ ಕಾಯಿಲೆಯ ಪೂರ್ವಕಥೆ ಕೇಳಿ ಬರೆದುಕೊಂಡವಳು ಆಫ್ರಾಳೇ. ಆಫ್ರಾಳ ನಗು ಅಲ್ಲಿಗೇ ನಿಂತಿತು.

ಕ್ಲಿನಿಕ್ಕಿನವರು ಎಷ್ಟು ಕರೆ ಮಾಡಿದರೂ ಸೀತುವಿನ ಫೋನು ಸ್ವಿಚ್ ಆಫ್. ಮರುದಿನ ಬೆಳಿಗ್ಗೆ ಅವರ ಮಾತಿನ ಮೇರೆಗೆ ಆಫ್ರಾಳೇ ಹೊರಟಳು. ಸವಣೂರಿನಿಂದ ಶಾಂತಿಮೊಗರು ಸೇತುವೆ ದಾಟಿದರೆ ಆಲಂಕಾರು. ಇಷ್ಟು ಹತ್ತಿರದ ಊರಿಗೆ ಅವಳು ಹಿಂದೆಂದೂ ಯಾರನ್ನೂ ಕೇಳಿಕೊಂಡು ಹೋದದ್ದಿಲ್ಲ. ಸೀತು ಮನೆಯ ಜಗಲಿಯಲ್ಲಿದ್ದಳು. ಗೀರುವ ಕತ್ತಿ ಮಾಡಿನ ಹೆಂಚಿಗೆ ಸಿಕ್ಕಿಸಿದಲ್ಲೇ ತುಕ್ಕು ಹಿಡಿದಿತ್ತು. ಬಲಗೈಯ ಎರಡು ಬೆರಳು ಬಾಗಿ ನಿಂತಿದ್ದವು.

ನೀರಿನಲ್ಲಿ ಏನೋ ಬೇರೆ ಕಂಡಿದೆ, ಡಾಕ್ಟರು ಮತ್ತೊಮ್ಮೆ ನೋಡಬೇಕಂತೆ ಎಂದು ಆಫ್ರಾ ಹೇಳಿದಳು. ಆಮೇಲೆ ಚಿಕುನ್‌ಗುನ್ಯ ಬಂದಾಗ ಎಷ್ಟು ದಿನ ಮಲಗಿದ್ದಿರಿ ಸೀತಕ್ಕ ಎಂದು ಕೇಳಿದಳು. ಸೀತು ಅವಳನ್ನೇ ನೋಡಿದಳು.

"ನನಗೆ ಆ ಜ್ವರ ಬಂದದ್ದೇ ಇಲ್ಲ ಮೇಡಂ. ಮನೆಯವರೆಲ್ಲ ಮಲಗಿದ್ರು. ಅವರಿಗೆ ಗಂಜಿ ಬೇಯಿಸಿ ಕೊಟ್ಟದ್ದೇ ನಾನು."

"ಅವತ್ತು ಕೇಳಿದಾಗ ಹೌದು ಅಂದ್ರಲ್ಲ ನೀವು?"

"ನೀವು ಕೇಳಿದ್ದು ಅದು ಜ್ವರದ್ದಲ್ವಾ ಅಂತ," ಎಂದಳು ಸೀತು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. "ಓದಿದವರು ಹೇಳುವಾಗ ಅಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಹಾಗೂ ಇರಬಹುದು ಅಂತ ಅಂದುಕೊಂಡೆ."

ಆಫ್ರಾಳಿಗೆ ತಿಂಗಳುಗಳ ಹಿಂದಿನ ಆ ಬೆಳಗು ಚೆನ್ನಾಗಿ ನೆನಪಾಯಿತು. ಸಾಲು ಉದ್ದವಿತ್ತು, ಬಸ್ಸಿಗೆ ಹೊತ್ತಾಗಿತ್ತು. ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಉತ್ತರವನ್ನೇ ಪ್ರಶ್ನೆಯಾಗಿ ಮುಂದಿಟ್ಟು, ತಲೆಯಾಡಿಸಿದ್ದನ್ನು ಹೌದೆಂದು ಬರೆದುಕೊಂಡಿದ್ದಳು. ಕ್ಲಿನಿಕ್ಕಿನವರೂ ಅದನ್ನೇ ನಂಬಿ ನೋವಿನ ಗುಳಿಗೆ ಕೊಟ್ಟು ಕಳಿಸಿದ್ದರು. ಆಗ ಆ ಬೆರಳುಗಳು ಇನ್ನೂ ಚಾಚುತ್ತಿದ್ದವು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

ಇಬ್ಬರೂ ರಿಕ್ಷಾದಲ್ಲಿ ಪುತ್ತೂರಿಗೆ ಹೋದರು. ವೈದ್ಯರು ಗಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ರುಮಟಾಯ್ಡೇ ಎಂದು ಹೇಳಿ ಅಂದೇ ಮದ್ದು ಶುರು ಮಾಡಿದರು. ಮೊಣಕಾಲಿನ ಊತ ಇಳಿಯುತ್ತದೆ, ಉಳಿದ ಬೆರಳುಗಳನ್ನು ಕಾಪಾಡಬಹುದು ಎಂದರು. ಬಾಗಿದ ಎರಡರ ಬಗ್ಗೆ ಭರವಸೆ ಕೊಡಲಿಲ್ಲ. ತನ್ನ ತಪ್ಪೆಂದು ಆಫ್ರಾ ಸೀತುವಿಗೆ ಹೇಳಿಯೇ ಹೇಳಿದಳು. ಸೀತು ಸಿಟ್ಟಾಗಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಇನ್ನು ಕತ್ತಿ ಹಿಡಿಯಲು ಆಗುತ್ತದೋ ಎಂದು ಡಾಕ್ಟರರನ್ನೇ ಕೇಳಿದಳು. ಅವರು ಆರು ತಿಂಗಳು ನೋಡೋಣ ಎಂದರು.

ಸಂಜೆ ಆಫ್ರಾ ಮನೆಗೆ ಬಂದಾಗ ಉಮ್ಮ ಮಿಷನ್ನಿನ ಮುಂದೆ ಕೂತಿದ್ದರು. ತಲೆ ಎತ್ತದೆ ಕೇಳಿದರು.

"ನನ್ನದಾ?"

ಆಫ್ರಾ ಬೆಚ್ಚಿದಳು. ಅವಳು ಒಂದು ಮಾತೂ ಹೇಳಿರಲಿಲ್ಲ.

"ವಾರದಿಂದ ನನ್ನ ಕೈಯನ್ನೇ ನೋಡ್ತಾ ಇದ್ದಿ. ನನಗೆ ಕಣ್ಣು ಕಾಣ್ತದೆ."

"ನಿಮ್ಮದಲ್ಲ ಉಮ್ಮ."

"ಮತ್ತೆ ಎಂತಕ್ಕೆ ಅಳುದು?" ಎಂದು ಉಮ್ಮ ಈಗ ತಲೆ ಎತ್ತಿದರು.

ಹೆಸರು ಹೇಳದೆ ಉಳಿದದ್ದನ್ನೆಲ್ಲ ಆಫ್ರಾ ಹೇಳಿದಳು. ಉಮ್ಮ ಮಿಷನ್ ನಿಲ್ಲಿಸಿ ಪೂರ್ತಿ ಕೇಳಿದರು, ಸಮಾಧಾನ ಮಾಡಲು ಹೋಗಲಿಲ್ಲ. ಬಟ್ಟೆಯನ್ನು ಸೂಜಿಯ ಅಡಿಯಿಂದ ಎಳೆದು ಮಡಚಿಟ್ಟರು.

"ನನ್ನತ್ರವೂ ನೀನು ಕೇಳ್ಲಿಲ್ಲ," ಎಂದರು. "ನನ್ನ ಕೈ ನೋವು ಜ್ವರದ್ದಲ್ಲ. ನೀನು ಹುಟ್ಟುದಕ್ಕೆ ಮುಂಚೆಯೇ ಉಂಟು. ಎಲ್ಲರೂ ಜ್ವರದ್ದು ಅಂದ್ರು, ನಾನೂ ಅಂದೆ."

ಆಫ್ರಾ ಸ್ಟೂಲನ್ನು ಹತ್ತಿರಕ್ಕೆ ಎಳೆದು ಕೂತು ಕಣ್ಣೊರೆಸಿಕೊಂಡಳು. ಹೇಗೆ ಶುರುವಾಯಿತು ಉಮ್ಮ, ಎಂದು ಕೇಳಿದಳು. ಉಮ್ಮ ತುಂಬ ಹೊತ್ತು ಯೋಚಿಸಿದರು. ಆಫ್ರಾ ತನ್ನ ನಾಲಿಗೆಯ ತುದಿಗೆ ಬಂದ ಉತ್ತರಗಳನ್ನೆಲ್ಲ ನುಂಗಿಕೊಂಡು, ಉಮ್ಮನೇ ಬಾಯಿ ಬಿಡುವ ತನಕ ಸುಮ್ಮನೆ ಕೂತಳು.