ತಾಸಿನ ಒಣ ದರ

ಶೈಲಾ, ನೀನು ಹಾರದೇ ಉಳಿದ ಆ ನಲವತ್ತು ತಾಸುಗಳನ್ನು ನುಂಗಿದವನು ನಾನು. ಆಫ್ರಿಕಾದ ವಿಮಾನ ಶಾಲೆಯವರಲ್ಲ — ನಾನು, ನಿನ್ನ ದೊಡ್ಡಪ್ಪನ ಮಗ, ನಮ್ಮ ಮನೆತನದ ಮೊದಲ ಡಿಗ್ರಿಯವನು.

ಪೈಲಟ್ ಲೈಸೆನ್ಸಿಗೆ ನಿನಗೆ ಇನ್ನೂ ನೂರು ತಾಸಿನ ಹಾರಾಟ ಬೇಕಿತ್ತು. ದಕ್ಷಿಣ ಆಫ್ರಿಕಾದಲ್ಲಿ ವಿಮಾನದ ಬಾಡಿಗೆ ಅಗ್ಗವೆಂದು ಮೂರು ಶಾಲೆಗಳ ದರಪಟ್ಟಿ ತರಿಸಿದ್ದೆ. ನೀನೇ ಆರಿಸಬಹುದಿತ್ತು. ಆದರೆ ಯರಗಟ್ಟಿಯ ನಿಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದವೆಂದರೆ ನನ್ನ ಕೈಗೇ ಬರಬೇಕು — ಆ ರೂಢಿ ಬೆಳೆಸಿದವನೂ ನಾನೇ.

ಎಲ್ಲಕ್ಕಿಂತ ಕಡಿಮೆ ದರದ ಮುಂದೆ 'ಡ್ರೈ' ಎಂದಿತ್ತು. ನಿನಗೆ ತಿಳಿಯಲಿಲ್ಲ, ಕೇಳಿದೆ. ನನಗೂ ತಿಳಿಯಲಿಲ್ಲ — ಆದರೂ ಹೇಳಿದೆ!

"ಒಣ ಹವಾ ಇದ್ದಾಗಿನ ದರ ಅದು. ಮಳಿ ದಿನಕ್ಕ ಬ್ಯಾರೆ ಇರತೈತಿ."

ಒಕ್ಕಲುತನದ ಮನೆ, ಎಲ್ಲರೂ ತಲೆಯಾಡಿಸಿದರು. ನಿನ್ನಪ್ಪ, ನನ್ನ ಕಾಕಾ, ತಾಸಿನ ಮೇಲೆ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವನು, ಒಂದೇ ಮಾತು ಕೇಳಿದ.

"ತಮ್ಮಾ, ಡೀಸೆಲ್ ಯಾರ್ದಪಾ? ಅವರದೋ, ನಮ್ದೋ?"

"ಕಾಕಾ, ಅದು ವಿಮಾನ ಐತಿ, ನಿನ್ನ ರಂಟಿ ಹೊಡಿಯೋ ಟ್ರ್ಯಾಕ್ಟರ್ ಅಲ್ಲ."

ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಊರವರು ನಕ್ಕರು. ವಿಮಾನದ ಬಾಗಿಲನ್ನೂ ಮುಟ್ಟದ ಮಂದಿ! ಅವರ ನಗೆ ನನಗೆ ಸನ್ಮಾನದ ಶಾಲಿನಂತೆ ಹಿತವಾಗಿತ್ತು. "ಆತಪಾ, ಕಲ್ತಾಂವ ನೀನು," ಎಂದ ಕಾಕಾ.

ಇಷ್ಟೇ ಆಗಿದ್ದರೆ ದಡ್ಡತನ ಎನ್ನಬಹುದಿತ್ತು. ಆದರೆ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚಿ, ಮನೆಗೆ ಬಂದವನೇ ಗುಟ್ಟಾಗಿ ಆ ಶಾಲೆಗೆ ಮೇಲ್ ಬರೆದೆ. ಮರುದಿನವೇ ಉತ್ತರ — 'ಡ್ರೈ' ಎಂದರೆ ದರದಲ್ಲಿ ಇಂಧನ ಸೇರಿಲ್ಲ, ಅದು ನಿಮ್ಮದೇ. ನಿಮ್ಮ ಮನೆಯಿಂದ ಇನ್ನೂ ದುಡ್ಡು ಹೋಗಿರಲಿಲ್ಲ. ಒಂದು ಫೋನ್ ಸಾಕಿತ್ತು. ಆದರೆ ಫೋನ್ ಮಾಡಿದರೆ ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟ ಕಾಕಾ ಸರಿ, ಬಿ.ಎ. ಮಾಡಿದ ನಾನು... ಮಾಡಲಿಲ್ಲ.

ಅಲ್ಲಿ ಪ್ರತಿ ಹಾರಾಟಕ್ಕೂ ಇಂಧನ ನಿನ್ನ ಕೈಯಿಂದಲೇ. ಅರವತ್ತು ತಾಸಿಗೆ ಒಯ್ದ ದುಡ್ಡೆಲ್ಲ ತೀರಿ ನೀನು ಮರಳಿ ಬಂದೆ. "ಸಾಲಿಯವರು ಮೊದ್ಲ ಹೇಳಬೇಕಿತ್ತಲ್ಲ, ಅಣ್ಣಾ," ಎಂದೆ. ನಾನು ಹೂಂಗುಟ್ಟಿದೆ.

ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಕೇಳಿದರು: "ಹುಡುಗಿ ನಡುವ ಯಾಕ ಬಂದ್ಲರಿ?" ದರದ ಮಾತೆತ್ತಿದರೆ ಕಾಕಾನ ಪ್ರಶ್ನೆ ಯಾರಿಗಾದರೂ ನೆನಪಾದೀತು. ಅದಕ್ಕೇ — ಬರೆಯುವಾಗ ನನ್ನ ಕೈಯ ಮೇಲೆ ನನಗೇ ಹೇಸಿಗೆ — ಹೇಳಿದೆ:

"ಮ್ಯಾಲೆ ಹೋದಮ್ಯಾಲೆ ಅಂಜಿಕಿ ಆತಂತ್ರಿ ಆಕಿಗೆ."

ಅಷ್ಟೇ ಸಾಕಾಯಿತು. ಈಗ ಸವದತ್ತಿಯಲ್ಲಿ ನೀನು ಗಣಿತ ಹೇಳಿಕೊಡಲು ಹೋದರೆ ಬೆನ್ನ ಹಿಂದೆ, "ಅಂಜುಬುರುಕಿ ಪೈಲಟ್ ಬಂದ್ಲು ನೋಡ್ರಿ." ಒಬ್ಬಳೇ ಆಕಾಶದಲ್ಲಿ ವಿಮಾನ ನಡೆಸಿ ಬಂದವಳಿಗೆ ಈ ಹೆಸರು. ಯಾರು ಹುಟ್ಟಿಸಿದ್ದು ಇದನ್ನ ಎಂದು ಒಮ್ಮೆ ನೀನು ಕೇಳಿದಾಗ, "ಓದಿಲ್ಲದ ಮಂದಿ, ಬಿಡು," ಎಂದು ಉಪದೇಶ ಮಾಡಿದೆ. ನಾನು! ಒಂದು ಪದದ ಅರ್ಥ ಗೊತ್ತಿಲ್ಲ ಎಂದು ಹೇಳುವ ಧೈರ್ಯವಿಲ್ಲದ ಪದವೀಧರ — ಇನ್ನೊಬ್ಬಳನ್ನು ಅಂಜುಬುರುಕಿ ಮಾಡಿದವನು.

ಎರಡು ವರ್ಷವಾಯಿತು. ಮೊನ್ನೆ ನಿನ್ನ ಸಂದೇಶ ಬಂತು: "ಅಣ್ಣಾ, ಉಳಿದ ತಾಸು ಮುಗಸ್ತೇನಿ. ಬ್ಯಾರೆ ಸಾಲಿ ಕಾಗದ ಕಳಿಸೇನಿ, ನೀನ ನೋಡಿ ಹೇಳು."

ಇನ್ನೂ ನಂಬಿದ್ದೀಯಲ್ಲ...

ಅಂದು ಆ ಶಾಲೆಯಿಂದ ಬಂದ ಉತ್ತರವನ್ನು ಇದರೊಂದಿಗೆ ಇಟ್ಟಿದ್ದೇನೆ. ತಾರೀಖು ನೋಡು — ನೀವು ದುಡ್ಡು ಕಳಿಸುವ ಮೊದಲಿನದು. ಕಾಕಾನಿಗೆ ಓದಿ ಹೇಳು — ಬೇಡ, ಆ ಭಾರವನ್ನೂ ನಿನ್ನ ಮೇಲೆ ಹಾಕಬಾರದು. ಭಾನುವಾರ ನಾನೇ ಬಂದು, ನಾಲ್ಕು ಮಂದಿ ಕೇಳುವಂತೆ ಹೇಳುತ್ತೇನೆ. ಆಮೇಲೆ ಕಾಕಾ ಒಳಗೆ ಕರೆಯದಿದ್ದರೆ ಬಾಗಿಲಿಂದಲೇ ತಿರುಗುತ್ತೇನೆ.

ನೀನು ಕಳಿಸಿದ ಕಾಗದಗಳನ್ನು ನಾನು ತೆರೆದಿಲ್ಲ. ಅವನ್ನು ನೀನೇ ಓದು.