ನೊಣ ತಿನ್ನುವ ಗಿಡದ ಟೀಚರ್

ಟೀಚರ್ ಸಾಕಿದ್ದ ಗಿಡಗಳನ್ನು ಕೊಂದದ್ದು ನಮ್ಮ ಅತ್ತೆ. ದೃಷ್ಟಿ ತಾಗಿತು ಎಂದು ನೆರೆಮನೆಯವರು ಹೇಳಿದ್ದೆಲ್ಲ ಸುಳ್ಳು. ಮೀನು ತೊಳೆದ ನೀರು ಹೊಯ್ದು ಕೊಂದರು, ಅದೂ ಪ್ರೀತಿಯಿಂದ.

ಮೊನ್ನೆ ಸಿಗಡಿ ಸುಲಿಯುತ್ತಿದ್ದಾಗ ಮಗಳ ಫೋನು ಬಂತು. ಟೀಚರ್ ತೀರಿಕೊಂಡರಂತೆ. ಕೈಯಲ್ಲೆಲ್ಲ ಸಿಪ್ಪೆಯ ವಾಸನೆ... ಅವರ ನೆನಪಿಗೆ ಬೇರೆ ವಾಸನೆ ಬೇಡ.

ಮೂಡುಬಿದಿರೆಯ ಕಾಲೇಜಿನಲ್ಲಿ ಕಲಿಸುತ್ತ ಅವರು ಪುತ್ತಿಗೆಯ ನಮ್ಮ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಮಳೆ ಬಿಡುವಾಗ ಗುಡ್ಡೆಯ ಬೋಳು ಮುರಕಲ್ಲಿನ ಬಂಡೆಯ ಮೇಲೆ ಏಳುವ ಪುಟ್ಟ ಕೆಂಪು ಗಿಡಗಳನ್ನು ತಂದು ಚಟ್ಟಿಯಲ್ಲಿ ನೆಟ್ಟಿದ್ದರು. ಅದರ ಎಲೆಯ ಅಂಟಿಗೆ ನೊಣ ಸಿಕ್ಕಿದರೆ ಮುಗಿಯಿತು. ನೊಣದ ಗಟ್ಟಿ ಚಿಪ್ಪನ್ನೂ ಕರಗಿಸುವ ಕಿಣ್ವ ಎಲೆಯೊಳಗೆ ಉಂಟೆಂದು ತೋರಿಸುವುದು ಅವರ ಡಾಕ್ಟರೇಟಿನ ಓದು. ಸಿಗಡಿಯ ಚಿಪ್ಪಿನಲ್ಲಿರುವುದೂ ಅದೇ ವಸ್ತುವಂತೆ. ಹಾಗಾಗಿ ನಾನು ಸುಲಿದ ಸಿಪ್ಪೆಯನ್ನೆಲ್ಲ ಒಣಗಿಸಿ, ಪುಡಿ ಮಾಡಿ, ಎಲೆಗೆ ಹಚ್ಚುತ್ತಿದ್ದರು.

"ಅದರ ಎಂಜಲು ಅಷ್ಟು ಜೋರಾ ಟೀಚರೇ?" ಎಂದು ಕೇಳಿದ್ದೆ.

"ನಿಮ್ಮ ಅತ್ತೆಯ ಬಾಯಿಗಿಂತ ಜೋರು ಅಕ್ಕ."

ಆ ವರ್ಷ ಓದು ಮುಗಿಯದಿದ್ದರೆ ಎಲ್ಲ ಬಿಟ್ಟು ಊರಿಗೆ ಬರಬೇಕೆಂದು ಅವರ ಅಪ್ಪ ಹೇಳಿಯಾಗಿತ್ತು. ಬಿಸಿಲು ಬಲಿತರೆ ಗುಡ್ಡೆಯ ಗಿಡವೂ ಒಣಗುತ್ತದೆ. ಅಷ್ಟರಲ್ಲಿ ಚಟ್ಟಿಯಲ್ಲಿದ್ದವು ಕಪ್ಪಾಗಿ ಬಿದ್ದವು.

"ಬಡಕಲಾಗಿತ್ತು ಮಗಾ. ಮಲ್ಲಿಗೆಗೆ ಹೊಯ್ಯುವ ಹಾಗೆ ಅದಕ್ಕೂ ಮೀನಿನ ನೀರು ಹೊಯ್ದೆ," ಎಂದರು ಅತ್ತೆ.

ನಾನಾಗಿದ್ದರೆ ಕೂಗಾಡುತ್ತಿದ್ದೆ. ಟೀಚರ್ ಚಟ್ಟಿಯ ಪಕ್ಕ ಕುಳಿತು ಕಪ್ಪಾದ ಒಂದು ಗಿಡವನ್ನು ಕಿತ್ತು ಬೇರು ನೋಡಿದರು. "ಅಜ್ಜಿ, ಇದು ಏನೂ ಇಲ್ಲದ ಮಣ್ಣಿನ ಗಿಡ. ಬೇರಿಗೆ ಊಟ ಹಾಕಿದರೆ ಸಾಯ್ತದೆ," ಎಂದು ಎದ್ದರು. "ಅಕ್ಕ, ಗುಡ್ಡೆಗೆ ಹೋಗುವ."

ಬಂಡೆಯ ಮೇಲೆ ಬೋರಲು ಮಲಗಿ ಹುಡುಕಿದೆವು. ಒಣಗದೆ ಉಳಿದವನ್ನು ಮಣ್ಣು ಸಮೇತ ತೆಂಗಿನ ಗೆರಟೆಯಲ್ಲಿ ತಂದೆವು. ಆಮೇಲೆ ಕೋಲು ಹಿಡಿದು ಕಾವಲು ಕೂತದ್ದು ಅತ್ತೆಯೇ. ಮೀನಿನ ಪಾತ್ರೆ ಹಿಡಿದು ನಾನೂ ಆ ಕಡೆ ಸುಳಿಯುವ ಹಾಗಿರಲಿಲ್ಲ.

ಕಡೆಗೆ ಒಂದು ಸಂಜೆ ಕಾಲೇಜಿನಿಂದ ಬಂದವರೇ ಟೀಚರ್ ಅಂಗಳದಿಂದಲೇ ಹೇಳಿದರು: "ಉಂಟು ಅಕ್ಕ. ಎಲೆಯೊಳಗೆ ಉಂಟು."

ಅವರಿಗೆ ಡಾಕ್ಟರೇಟ್ ಸಿಕ್ಕಿತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಆ ಓದಿನಲ್ಲಿ ನನ್ನ ಅಡುಗೆಮನೆಯ ಸಿಪ್ಪೆ ಉಂಟೆಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅತ್ತೆಯಂತೂ ಸಾಯುವವರೆಗೆ ಮೀನಿನವಳನ್ನು ನಿಲ್ಲಿಸಿ ಹೇಳುತ್ತಿದ್ದರು, "ಡಾಕ್ಟರಾದದ್ದು ನಮ್ಮ ಮನೆಯ ಹುಡುಗಿ."

ಈಗ ಅತ್ತೆಯೂ ಇಲ್ಲ, ಟೀಚರೂ ಇಲ್ಲ... ಫೋನು ಇಟ್ಟ ಮೇಲೆ ನಾನು ಅಳಲಿಲ್ಲ. ಸಾರು ಮಾಡಿ ಉಂಡೆ. ಮರುದಿನ ಬೆಳಿಗ್ಗೆ ಸೋಪು ಹಾಕಿ ಕೈಯ ಮೀನಿನ ವಾಸನೆಯೆಲ್ಲ ಹೋಗುವ ಹಾಗೆ ತೊಳೆದುಕೊಂಡು, ಒಬ್ಬಳೇ ಗುಡ್ಡೆ ಹತ್ತಿದೆ. ಗಿಡಗಳು ಇದ್ದವು. ಮುಟ್ಟದೆ ಬಂದೆ.