ಕಣಗಲವಲ್ಲದ ಗಿಡ

ಮೊನ್ನೆ ಅಂಗಳದ ಗಿಡ ಕತ್ತರಿಸುವಾಗ ಟೊಂಗೆಯಿಂದ ಹಾಲು ಸೋರಿ ಬೆರಳಿಗೆ ಅಂಟಿತು. ಸೆರಗಿಗೆ ಒರೆಸಿದೆ, ಹೋಗಲಿಲ್ಲ. ಮೂಗಿನ ಹತ್ತಿರ ತಂದೆ. ಹಸಿಹಸಿ ಕಹಿ ವಾಸನೆ. ಕುಡಗೋಲು ಕೈಯಲ್ಲೇ ನಿಂತಿತು…

ಮೊಮ್ಮಗಳು ರಜೆಗೆ ಬಂದಿದ್ದಳು. ಈಗಿನ ಮೊಬೈಲಿಗೆ ಎಲೆ ತೋರಿಸಿದರೆ ಗಿಡದ ಹೆಸರು ಹೇಳುತ್ತದಂತೆ. ಒಂದು ಎಲೆ ಹರಿದು ಅಂಗೈ ಮೇಲಿಟ್ಟು ಫೋಟೊ ಹೊಡೆದಳು.

"ಆಯಿ, ಕಣಗಲ ಅಂತ ಅನ್ನಾಕತ್ತದ ನೋಡು."

"ಅಲ್ಲ," ಎಂದೆ.

ಇನ್ನೊಂದು ಮಗ್ಗುಲಿಂದ ಹೊಡೆದಳು. ಈ ಸಲ ಬೇರೆ ಏನೋ ಇಂಗ್ಲಿಷ್ ಹೆಸರು ಬಂತು. "ನಿನಗ ಹೆಂಗ ಗೊತ್ತು, ಕಣಗಲ ಅಲ್ಲಂತ?"

"ಒಬ್ಬಾಕಿ ತಿಂದು ನೋಡಿ ಹೇಳ್ಯಾಳ."

ಅವಳು ನಕ್ಕಳು. ನಾನು ನಗಲಿಲ್ಲ. ತಿಂದವಳು ಬಾಜು ಮನೆಯಾಕೆ. ತಿಂದದ್ದು ಇದೇ ಮೊಮ್ಮಗಳ ಸಲುವಾಗಿ. ಅವಳಿಗೆ ಅದು ನೆನಪಿಲ್ಲ, ಆಗ ಅವಳಿನ್ನೂ ತೊದಲು ಮಾತಿನ ಕೂಸು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಚೆಂದ ಮಾಡಿ ಹೇಳಲು ಬರುವುದಿಲ್ಲ. ಆದದ್ದನ್ನು ಹೇಳುತ್ತೇನೆ.

ಬಾಜು ಮನೆಯಾಕೆ ಸುರಪುರ ಕಡೆಯವಳು, ನಾನು ದೋರನಹಳ್ಳಿಯವಳು. ಶಹಾಪುರದ ಒಂದೇ ಓಣಿಗೆ ಸೊಸೆಯರಾಗಿ ಬಂದೆವು. ನಾನು ಮೊದಲು, ಆಕೆ ಆಮೇಲೆ. ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಸತ್ತವಳೆಂದು ಸುಳ್ಳು ಹೊಗಳುವುದಿಲ್ಲ, ಬಾಯಿ ಬಹಳ ಕೆಟ್ಟದ್ದು. ನಾನು ಒಣಹಾಕಿದ ಜೋಳವನ್ನು ಆಕೆಯ ಆಡು ತಿಂದರೆ, "ನಿನ್ನ ಜೋಳದಾಗ ಹುಳ ಅದಾವ, ನನ್ನ ಆಡಿಗಿ ಹೊಟ್ಟಿ ಕೆಟ್ಟದ," ಎಂದು ನನಗೇ ಬೈಯುವಳು.

ನಮ್ಮ ಅಂಗಳದಲ್ಲಿ ಆ ಗೋಡೆಗೆ ಹತ್ತಿ ಒಂದು ಕೆಂಪು ಕಣಗಲವಿತ್ತು. ನನ್ನ ಅತ್ತೆ ನೆಟ್ಟದ್ದು. ಕಣಗಲ ಶಿವನ ಹೂ. ದಿನಾ ಪೂಜೆಗೆ ಅದನ್ನೇ ಏರಿಸುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಆಕೆಯ ಮಗನ ಮದುವೆಯಾಯಿತು, ಸೊಸೆ ಬಂದಳು. ಅದೇ ವಾರ ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಕಣಗಲ ಇರಲಿಲ್ಲ. ಬರೀ ತಗ್ಗು. ಕಿತ್ತವಳು ಆಕೆಯೇ, ಮುಚ್ಚಿಡಲೂ ಇಲ್ಲ.

"ಶಿವನ ಹೂವಿನ ಗಿಡ ಕಿತ್ತೀದಿ, ನಿನ್ನ ಕೈಗಿ ಹುಳ ಬೀಳ್ತಾವ!" ಎಂದು ಗೋಡೆಯ ಈಚೆ ನಿಂತು ಕೂಗಿದೆ.

"ಬೀಳ್ಲಿ. ಶಿವಗ ಮಲ್ಲಿಗಿ ಏರ್ಸು."

ಯಾಕೆ ಕಿತ್ತೆ ಎಂದರೆ ಬಾಯಿ ಬಿಡಲಿಲ್ಲ. ಅಂದಿನಿಂದ ನಮ್ಮ ಮಾತು ನಿಂತಿತು. ಓಣಿಯಲ್ಲಿ ಎಲ್ಲಿ ಕಣಗಲ ಚಿಗುರಿದರೂ ಕಿತ್ತೊಗೆಯುತ್ತಿದ್ದಳು. ತಲೆ ಕೆಟ್ಟಿದೆ ಎಂದರು ಜನ. ನಾನೂ ಅಂದೆ.

ಮುಂದೆ ನನ್ನ ಮಗ ಆ ತಗ್ಗಿನಲ್ಲೇ ಈ ಗಿಡ ನೆಟ್ಟ. ಯಾದಗಿರಿಯಲ್ಲಿ ಗುಮಾಸ್ತನಾಗಿದ್ದ, ಆಫೀಸಿನ ತೋಟದ್ದೊಂದು ಟೊಂಗೆ ತಂದಿದ್ದ. ಹೆಸರು ಅವನಿಗೂ ಗೊತ್ತಿಲ್ಲ, ಅಲ್ಲಿನ ಮಾಲಿಗೂ ಗೊತ್ತಿಲ್ಲವಂತೆ. ಎಲೆ ಮಾತ್ರ ಕಣಗಲದಂಥದ್ದೇ. ಉದ್ದ, ನುಣುಪು, ಒಂದೊಂದು ಗೆಣ್ಣಿಗೆ ಮೂರು ನಾಲ್ಕು. ಹೂ ಇನ್ನೂ ಬಿಟ್ಟಿರಲಿಲ್ಲ. ಬಾಜು ಮನೆಯಾಕೆ ಗೋಡೆಯ ಮೇಲಿಂದ ಅದನ್ನು ದಿನಾ ದಿಟ್ಟಿಸಿ ನೋಡುವಳು. ನೋಡಿ ಉರಿಯಲಿ ಎಂದು ನಾನು ಇನ್ನೊಂದು ಕೊಡ ನೀರು ಹಾಕುವೆ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಿದ್ದೆ. ಮೊಮ್ಮಗಳು ಹಿಂದೆ ಗಿಡದ ಹತ್ತಿರ ಆಡುತ್ತಿದ್ದಳು. ತಿರುಗಿ ನೋಡಿದರೆ ಕೂಸಿನ ಬಾಯಿ ತುಂಬ ಹಸಿರು ಜೊಲ್ಲು, ಮುಷ್ಟಿಯಲ್ಲಿ ಎಲೆ. ನೋಡುತ್ತಿದ್ದಂತೆ ವಾಂತಿ ಮಾಡಿತು. ಮತ್ತೆ ಮಾಡಿತು. ಕಣ್ಣು ಮೇಲಾದವು. ನಾನು ಚೀರಿದೆ.

ಗೋಡೆ ಹಾರಿ ಬಂದವಳು ಆಕೆ. ಕೂಸಿನ ಬಾಯಿಗೆ ಬೆರಳು ಹಾಕಿ ಎಲೆಯ ಚೂರು ತೆಗೆದಳು. ಮುಷ್ಟಿ ಬಿಡಿಸಿ ಉಳಿದ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಟೊದಲ್ಲಿ ಕರೆಯದೇ ಬಂದು ಕೂತಳು, ಹಿಂದೆಯೇ ಆಕೆಯ ಸೊಸೆ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಯಾವ ಗಿಡದ ಎಲೆ ಎಂದು. ಗೊತ್ತಿದ್ದರೆ ತಾನೆ ಹೇಳುವುದು? ಆಕೆ ಸೆರಗು ಬಿಚ್ಚಿ ಕೊಟ್ಟಳು. ಅವರು ಮುದುಡಿದ ಎಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಕಣಗಲ ಇದ್ದಂಗ ಅದ. ಅದೇ ಆಗಿದ್ರ ಎದಿ ಬಡಿತ ನಿಲ್ಲೋ ಧೋಕಾ ಅದ. ಕಲಬುರಗಿಗಿ ಒಯ್ಯಬೇಕು. ಗಾಡಿ ತರಸ್ರಿ."

ಅಷ್ಟರಲ್ಲಿ ಆಕೆ ಡಾಕ್ಟರ ಕೈಯಿಂದ ಎಲೆ ಕಸಿದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು, ರೊಟ್ಟಿ ಅಗಿದ ಹಾಗೆ.

"ಉಗುಳವ್ವಾ! ಹುಚ್ಚಿ ಇದ್ದೀಯೇನು?" ಡಾಕ್ಟರು ಕೂಗಿದರು. ಆಕೆ ನುಂಗಿಬಿಟ್ಟಳು.

"ಇದು ಕಣಗಲ ಅಲ್ರಿ. ಆ ಕಹಿನೇ ಬ್ಯಾರೆ."

"ನಿನಗ ಹೆಂಗ ಗೊತ್ತು?"

ಆಕೆ ಡಾಕ್ಟರ ಮುಖ ನೋಡಲಿಲ್ಲ, ಕೂಸನ್ನು ನೋಡುತ್ತಿದ್ದಳು.

"ತಿಂದೀನ್ರಿ. ಮದಿವ್ಯಾಗಿ ಬಂದ ವರ್ಷ. ಸಾಯಬೇಕಂತ ತಿಂದಿದ್ದೆ. ಉಳದೆ."

ಸೂಜಿ ಹಿಡಿದ ನರ್ಸಿನ ಕೈ ಹಾಗೇ ನಿಂತಿತ್ತು. ಸೊಸೆ ಓಡಿ ಬಂದು ಆಕೆಯ ತೋಳು ಹಿಡಿದಳು. "ಅತ್ತಿ, ಸುಮ್ಮನಿರ್ರಿ, ಮಂದಿ ಕೇಳಾಕತ್ತಾರ."

"ಕೇಳ್ಲಿ. ಕೂಸಿನ ಹೊಟ್ಯಾಗ ಏನದಂತ ಮಂದಿ ಹೇಳ್ತಾರೇನು?"

ಒಂದು ಗಳಿಗೆ ಕೂಸಿನ ಮೇಲಿನ ಗಮನವೂ ನನಗೆ ತಪ್ಪಿತು. ಮದುವೆಯಾಗಿ ಬಂದ ವರ್ಷ… ಆ ವರ್ಷ ನಾನು ಗೋಡೆಯ ಈಚೆಯೇ ಇದ್ದೆನಲ್ಲ. ರೊಟ್ಟಿ ಬಡಿಯುತ್ತಿದ್ದೆ, ನೀರು ಸೇದುತ್ತಿದ್ದೆ. ಹೊಸ ಸೊಸೆಗೆ ಜ್ವರ ಬಂದಿದೆ ಅಂದಿದ್ದರು, ನಾನು ನಂಬಿದ್ದೆ. ಆಗ ಓಣಿಯಲ್ಲಿದ್ದ ಕಣಗಲ ನಮ್ಮದೊಂದೇ. ಮುಂಜಾನೆ ನಾನು ಹೂ ಹರಿದ ಗಿಡದಿಂದಲೇ ಆಕೆ ಎಲೆ ಹರಿದಿದ್ದಳು. ಅಷ್ಟು ವರ್ಷ ಆ ಗಿಡವನ್ನು ನೋಡುತ್ತಲೇ ಬಾಳಿದಳು. ತನ್ನ ಮನೆಗೆ ಸೊಸೆ ಬಂದ ವಾರ ಮಾತ್ರ ಅದನ್ನು ನಿಲ್ಲಗೊಡಲಿಲ್ಲ. ಆ ಸೊಸೆ ಅಲ್ಲೇ ತೋಳು ಹಿಡಿದು ನಿಂತಿದ್ದಳು. ಅವಳಿಗೂ ಆಗಷ್ಟೇ ತಿಳಿಯಿತೆಂದು ಮುಖ ಹೇಳುತ್ತಿತ್ತು.

ಡಾಕ್ಟರು ಆಕೆಯ ನಾಲಗೆಯೊಂದನ್ನೇ ನಂಬಿ ಕೂರಲಿಲ್ಲ, ಕೂರಬಾರದು ಕೂಡ. ಗಾಡಿ ಬಂತು. ಕೂಸಿನ ಜೊತೆ ಆಕೆಯನ್ನೂ ಹತ್ತಿಸಿದರು. ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡುವಳು, ಬಾಯಿ ಒರೆಸಿ ಕೂಸಿನ ಎದೆಯ ಮೇಲೆ ಕೈಯಿಡುವಳು.

"ಬಡಿಯಾಕತ್ತದ. ಅಳಬ್ಯಾಡ, ಖೋಡಿ."

ಅಷ್ಟು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು ಅದು, ಬೈಗುಳ ಸೇರಿ.

ಇಬ್ಬರೂ ಉಳಿದರು. ಊರಿಗೆ ಬಂದ ಮೇಲೆ ಹೋಳಿಗೆ ಮಾಡಿಕೊಂಡು ಹೋದೆ. ಒಂದು ತುತ್ತು ತಿಂದು, "ಇದಕ್ಕಿಂತ ಆ ಎಲಿನೇ ಛಲೋ ಇತ್ತು," ಎಂದಳು. ಪೂರ್ತಿ ತಿಂದಳು, ಆ ಮಾತು ಬೇರೆ. ಆಗ ಯಾಕೆ ಸಾಯಲು ಹೊರಟಿದ್ದಿ ಎಂದು ನಾನು ಕೇಳಲಿಲ್ಲ. ಓಣಿಯ ಹೆಂಗಸರು ಕೇಳಲು ಬಂದರು, ನನ್ನ ಬಾಗಿಲಿಂದಲೇ ಬೈದು ಕಳಿಸಿದೆ. ನಾನು ಗುದ್ದಲಿ ಹಿಡಿದು ಗಿಡದ ಹತ್ತಿರ ಹೋದಾಗ ಗೋಡೆಯ ಮೇಲೆ ಮುಖ ತೋರಿಸಿದಳು.

"ಇರ್ಲಿ ಬಿಡು. ಅದಕ್ಯಾಕ ಸಿಟ್ಟು? ಕೂಸು ಮುಟ್ಟದಂಗ ಬೇಲಿ ಕಟ್ಟು."

ಆ ಮಳೆಗಾಲಕ್ಕೆ ಅದು ಹಳದಿ ಹೂ ಬಿಟ್ಟಿತು. ಮರುವಾರ ಆಕೆಯ ಆಡು ಮತ್ತೆ ನನ್ನ ಜೋಳಕ್ಕೆ ಬಾಯಿ ಹಾಕಿತು, ನಾವು ಮತ್ತೆ ಜಗಳಾಡಿದೆವು…

ಹೋದ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಮುಪ್ಪಾಗಿತ್ತು, ಸೊಸೆಯ ಕೈಯಲ್ಲಿ ನೀರು ಕುಡಿದು ಹೋದಳು.

ಇಷ್ಟೆಲ್ಲ ಕೇಳಿ ಮೊಮ್ಮಗಳು ಫೋನು ಕೆಳಗಿಟ್ಟಳು. ಆಮೇಲೆ ಗೋಡೆಯ ಬುಡ ತೋರಿಸಿದಳು. ಕಲ್ಲಿನ ಸಂದಿಯಲ್ಲಿ ಹಳೆಯ ಬೇರು ಚಿಗುರಿ ಎಲೆಯೆತ್ತಿತ್ತು. ಅದಕ್ಕೆ ಫೋನು ಹಿಡಿಯಬೇಕಾಗಿರಲಿಲ್ಲ. ಕಣಗಲವೇ. ಗುದ್ದಲಿ ತಂದು ಬೇರು ಸಿಗುವ ತನಕ ಅಗೆದೆ.

"ಆಯಿ, ಶಿವನ ಹೂವಿನ ಗಿಡ ಅಂತ ನೀನೇ ಅಂದಿ?"

"ಶಿವಗ ಮಲ್ಲಿಗಿ ಏರ್ಸಿದ್ರಾತು," ಎಂದೆ.

ಮಾತು ನನ್ನದಲ್ಲ. ಹಾಗೆಂದು ಗೋಡೆಯ ಆಚೆ ನೋಡಿದೆ. ಆಡು ಮಾತ್ರ ನಿಂತಿತ್ತು.